ಅಣ್ಣ ಹಿಡಿದಿಟ್ಟ ಬೆಳಕು

ಸತ್ತ ಅಣ್ಣನ ಅಂಗಿಯ ಕೊನೆಯ ಗುಂಡಿ ಹಾಕುತ್ತಿದ್ದ ತಂಗಿಯ ಬೆನ್ನ ಹಿಂದೆ ಯಾರೋ ಕೆಮ್ಮಿದರು. ಅಣ್ಣನ ಲ್ಯಾಬಿನ ಹೆಂಗಸು. ವರ್ಷಗಟ್ಟಲೆ ಅವನ ಪಕ್ಕದ ಮೇಜಿನಲ್ಲಿ ಕೆಲಸ ಮಾಡಿದವಳು. ನಿನ್ನೆ ಲ್ಯಾಬಿನ ಮೆಟ್ಟಿಲ ಮೇಲೆ ಎದೆ ಹಿಡಿದು ಕೂತವನನ್ನು ಆಸ್ಪತ್ರೆಗೆ ಸಾಗಿಸಿದ್ದೂ ಅವಳೇ. ಅವಳನ್ನು ಬಿಟ್ಟರೆ ಬಂದಿದ್ದವರು ಮನೆ ಮಾಲೀಕ ಮತ್ತು ಹೆಣದ ಗಾಡಿಯ ಡ್ರೈವರ್ ಮಾತ್ರ.

"ನಾವು ಅವರನ್ನ ಚಿಲಕ ಅಂತಿದ್ವಿ," ಎಂದಳು ಆಕೆ, ಮಾತು ಎಲ್ಲಿಂದ ಶುರುಮಾಡಬೇಕೆಂದು ತಿಳಿಯದೆ. "ಲೇಸರ್ ಬೆಳಕಿನ ಬಣ್ಣ ಒಂದು ಕಡೆ ನಿಲ್ಲಲ್ಲ ನೋಡಿ. ಸ್ವಲ್ಪ ಸೆಖೆಯಾದ್ರೆ, ಯಾರಾದ್ರೂ ಬಾಗಿಲು ಬಡಿದ್ರೆ, ಜಾರತ್ತೆ. ಜಾರಿದ್ರೆ ನಾವು ಅಳೆಯೋ ಪರಮಾಣು ಅದನ್ನ ಕ್ಯಾರೇ ಅನ್ನಲ್ಲ. ಅದನ್ನ ಹಿಡಿದು ಲಾಕ್ ಮಾಡೋದು ಇವರ ಕೆಲಸ."

"ಮನೇಲೂ ಅಷ್ಟೇ. ಬಾಯಿಗೆ ಚಿಲಕ."

ಇಬ್ಬರೂ ನಕ್ಕರು. ಹೆಣದ ಮುಂದೆ ನಕ್ಕೆವಲ್ಲ ಎಂದು ತಲೆ ತಗ್ಗಿಸಿದರು.

*

ವರ್ಷಗಳ ಹಿಂದೆ, ಅಮ್ಮ ಕಣ್ಣು ಮುಚ್ಚಿದ ದಿನ ತಂಗಿ ಆಸ್ಪತ್ರೆಯಿಂದ ಮೇಲಿಂದ ಮೇಲೆ ಫೋನು ಮಾಡಿದ್ದಳು.

"ಅಣ್ಣಾ, ಅಮ್ಮ ನಿನ್ನನ್ನೇ ಕರೀತಿದಾಳೆ. ಬಾರೋ."

"ಅಳತೆ ನಡೀತಿದೆ ಕಣೇ. ನಾನೆದ್ರೆ ಲಾಕ್ ತಪ್ಪತ್ತೆ."

ಅವನು ಬರಲಿಲ್ಲ. ಅಂದಿನಿಂದ ಅಣ್ಣ ತಂಗಿಯ ಮಾತು ಹೂಂ, ಉಹೂಂಗಳಿಗೆ ಬಂದು ನಿಂತಿತು.

*

ಎಲ್ಲ ಮುಗಿಸಿ ಸ್ಮಶಾನದ ಗೇಟು ದಾಟುವಾಗ ತಂಗಿ ಲ್ಯಾಬಿನ ಹೆಂಗಸನ್ನು ಕೇಳಿಯೇಬಿಟ್ಟಳು. "ನಮ್ಮಮ್ಮ ಹೋದ ದಿನ ಅದೇನೋ ಅಳತೆ ನಡೀತಿತ್ತಂತಲ್ಲ. ಅಷ್ಟು ದೊಡ್ಡದಾ ಅದು?"

ಆಕೆ ಚಪ್ಪಲಿಯ ಮಣ್ಣನ್ನು ಕಲ್ಲಿಗೆ ಉಜ್ಜುತ್ತ ನಿಂತಳು.

"ಅವತ್ತು ಅಳತೇನೇ ಇರ್ಲಿಲ್ಲಮ್ಮ. ಲೇಸರ್ ಕೆಟ್ಟು ಕೂತಿತ್ತು. ಹೋಗಿ, ಹೋಗಿ ಅಂದೆ. ಅಮ್ಮ ಸಾಯೋದನ್ನ ನೋಡೋಕೆ ನಂಗೆ ಧೈರ್ಯ ಇಲ್ಲ ಅಂದ್ರು. ಆರಿದ ಲೇಸರ್ ಮುಂದೆ ಕೂತೇ ಇದ್ರು."

ತಂಗಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಇಷ್ಟು ವರ್ಷ ಕಲ್ಲೆದೆಯವನೆಂದು ಬೈದುಕೊಂಡದ್ದು ಒಬ್ಬ ಪುಕ್ಕಲನನ್ನು.

"ನಂಗೂ ಭಯ ಆಗಿತ್ತು," ಎಂದಳು. "ಹೇಳಿದ್ದಿದ್ರೆ ಇಬ್ರೂ ಜೊತೇಲಿ ಹೆದರ್ಕೋತಿದ್ವಿ."

ಆಕೆ ಅವಳ ತೋಳು ಹಿಡಿದಳು. "ಅವರು ಕೊನೇದಾಗಿ ಲಾಕ್ ಮಾಡಿದ ಬೆಳಕು ಇನ್ನೂ ಹಾಗೇ ಇದೆ. ನೋಡ್ತೀರಾ?"

ಲ್ಯಾಬಿನಲ್ಲಿ ಕಿಟಕಿಯಿಲ್ಲದ ಕೋಣೆ. ಉದ್ದನೆಯ ಮೇಜಿನ ತುಂಬ ಪುಟ್ಟ ಕನ್ನಡಿಗಳು, ಒಂದು ಗಾಜಿನ ಕೊಳವೆ. ಬೆಳಕಂತೂ ಎಲ್ಲೂ ಕಾಣಲಿಲ್ಲ. ಆಕೆ ತಂಗಿಗೆ ದಪ್ಪ ಕನ್ನಡಕ ತೊಡಿಸಿ, ಕೈಗೊಂದು ಸಣ್ಣ ಕಾರ್ಡು ಕೊಟ್ಟಳು.

"ಈ ಬೆಳಕು ಕಣ್ಣಿಗೆ ಕಾಣಲ್ಲ, ಈ ಕಾರ್ಡಿನ ಮೇಲೆ ಬಿದ್ರೆ ಕಾಣತ್ತೆ. ಕೊಳವೆ ಮುಂದೆ ಇದನ್ನ ಅಡ್ಡ ಹಿಡೀರಿ."

"ಅಡ್ಡ ಹಿಡಿದ್ರೆ ಲಾಕ್ ತಪ್ಪಲ್ವಾ?"

"ತಪ್ಪತ್ತೆ. ತಪ್ಪಲಿ ಬಿಡಿ."

ತಂಗಿ ಬರಿಗಾಳಿಯಲ್ಲಿ ಕಾರ್ಡು ಒಡ್ಡಿದಳು. ಸಾಸಿವೆಯಷ್ಟು ಕಿತ್ತಳೆ ಬಣ್ಣದ ಚುಕ್ಕೆಯೊಂದು ಮೂಡಿತು. ಅವಳ ಕೈ ನಡುಗುತ್ತಿತ್ತು, ಕಾರ್ಡು ನಡುಗುತ್ತಿತ್ತು. ಚುಕ್ಕೆ ಮಾತ್ರ ಇದ್ದಲ್ಲೇ ಇತ್ತು.