ಎರಡನೆಯ ನಂಬರು

"ನೀವಿಬ್ಬರೂ ಬೇರೆ ಬೇರೆ ಮನುಷ್ಯರು ಅನ್ನೋದಕ್ಕೆ ಏನಾದ್ರೂ ಪುರಾವೆ ಇದೆಯಾ ಸಾರ್?"

ಬ್ಯಾಂಕಿನ ಹೆಂಗಸು ಫೋನಿನಲ್ಲಿ ಹೀಗೆ ಕೇಳಿದಾಗ ಬೈಂಡರು ಹಳೆಯ ಪುಸ್ತಕಕ್ಕೆ ರಟ್ಟು ಕಟ್ಟುತ್ತಿದ್ದರು. ಕೈಯಲ್ಲಿದ್ದ ಅಂಟಿನ ಬ್ರಷ್ಷನ್ನು ಡಬ್ಬಿಯ ಮೇಲೆ ಅಡ್ಡ ಇಟ್ಟು, ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿಕೊಂಡರು. ಎದುರಿಗೆ ಬೆನ್ನು ಕಿತ್ತುಹೋದ ನಿಘಂಟೊಂದು ಎರಡು ಹಲಗೆಗಳ ನಡುವೆ ಸಿಕ್ಕಿಕೊಂಡು ಕೂತಿತ್ತು.

"ಪುರಾವೆ ಅಂದ್ರೆ? ನಾನು ಗಂಡ, ಅವಳು ಹೆಂಡತಿ. ಮೂವತ್ತೊಂದು ವರ್ಷ ಆಯ್ತು."

"ಅದು ಸರಿ ಸಾರ್. ಆದ್ರೆ ನಿಮ್ಮ ಕ್ರೆಡಿಟ್ ಕಾರ್ಡಿಗೂ ಅವರ ಕಾರ್ಡಿಗೂ ಒಂದೇ ಫೋನ್ ನಂಬರು, ಒಂದೇ ಇ-ಮೇಲು. ಹೊಸಬರಿಗೆ ಅಂತ ಕೊಡೋ ಪಾಯಿಂಟನ್ನ ಒಬ್ಬರೇ ಎರಡು ಸಲ ತಗೊಂಡಿದಾರೆ ಅಂತ ಕಂಪ್ಯೂಟರು ತಡೆಹಿಡಿದಿದೆ."

"ನಿಮ್ಮ ಕಂಪ್ಯೂಟರಿಗೆ ಇನ್ನೂ ಮದುವೆ ಆಗಿಲ್ಲ ಅನ್ಸುತ್ತೆ," ಎಂದರು ಬೈಂಡರು.

ಆ ಹೆಂಗಸಿಗೆ ನಗು ಬಂತೋ ಇಲ್ಲವೋ ತಿಳಿಯಲಿಲ್ಲ. "ಒಂದು ವಾರದೊಳಗೆ ಅವರ ಹೆಸರಲ್ಲೇ ಒಂದು ನಂಬರು ತಗೊಳ್ಳಿ. ಆ ನಂಬರಿಗೆ ನಾವೇ ಫೋನ್ ಮಾಡಿ ಅವರ ಹತ್ರ ಮಾತಾಡ್ತೀವಿ. ಆಗ ನೀವು ಪಕ್ಕದಲ್ಲಿ ಇರಬಾರದು. ಇಲ್ಲಾಂದ್ರೆ ಎರಡೂ ಕಾರ್ಡಿನ ಪಾಯಿಂಟು ರದ್ದಾಗುತ್ತೆ ಸಾರ್."

ಬೈಂಡರು ಫೋನಿಟ್ಟು ಮತ್ತೆ ಕೆಲಸಕ್ಕೆ ಕೈಹಾಕಿದರು. ಬ್ರಷ್ಷಿನ ಕೂದಲು ಆಗಲೇ ಗಟ್ಟಿಯಾಗತೊಡಗಿತ್ತು.

ಕಾಲೇಜಿನ ಲೈಬ್ರರಿಯ ಹಿಂಬದಿಯ ಕೋಣೆಯಲ್ಲಿ ಹಳೆಯ ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸಕ್ಕೆ ಅವರು ಸೇರಿ ಇಪ್ಪತ್ತೆಂಟು ವರ್ಷ. ಹೆಂಡತಿ ಆಸ್ಪತ್ರೆಯೊಂದರ ಬಟ್ಟೆ ಕೋಣೆಯಲ್ಲಿ ಹಾಸಿಗೆಯ ಹೊದಿಕೆಗಳನ್ನು ಎಣಿಸಿ, ಮಡಿಸಿ, ವಾರ್ಡುಗಳಿಗೆ ಕಳಿಸುವವಳು. ಇಬ್ಬರ ನಡುವೆ ಇದ್ದದ್ದು ಒಂದೇ ಕೊಡೆ, ಒಂದೇ ಬೀಗದ ಕೈ, ಒಂದೇ ಫೋನು. ಫೋನು ಒಂದೇ ಸಾಕೆಂದು ತೀರ್ಮಾನಿಸಿದವಳು ಹೆಂಡತಿ. ಮಗಳು ಪುಟ್ಟಿ ನರ್ಸ್ ಕೆಲಸಕ್ಕೆಂದು ದೂರದ ದೇಶಕ್ಕೆ ಹೊರಟ ದಿನ, "ಎರಡಿದ್ರೆ ಅವಳು ಯಾರಾದ್ರೂ ಒಬ್ಬರಿಗೆ ಮಾಡ್ತಾಳೆ. ಒಂದೇ ಇದ್ರೆ ಇಬ್ಬರಿಗೂ ಮಾಡಿದ ಹಾಗೆ," ಎಂದಿದ್ದಳು. ಭಾನುವಾರ ಬೆಳಿಗ್ಗೆ ಗಂಡಹೆಂಡಿರು ಅಡುಗೆಮನೆಯ ಬೆಂಚಿನ ಮೇಲೆ ತಲೆಗೆ ತಲೆ ತಾಗಿಸಿ ಕೂರುತ್ತಿದ್ದರು. ಹೆಂಡತಿ ಫೋನನ್ನು ಕಿವಿಗೆ ಪೂರ್ತಿ ಒತ್ತದೆ ಎರಡು ಬೆರಳಷ್ಟು ಓರೆಯಾಗಿ ಹಿಡಿಯುತ್ತಿದ್ದಳು. ಆ ಸಂದಿನಲ್ಲಿ ಬೈಂಡರ ಕಿವಿ. "ಸ್ಪೀಕರ್ ಹಾಕ್ಕೊಳ್ಳಿ ಅಂತ ಎಷ್ಟು ಸಲ ಹೇಳೋದು?" ಎಂದು ಪುಟ್ಟಿ ಅಲ್ಲಿಂದ ಗದರಿದರೂ ಆಕೆ ಕೇಳುತ್ತಿರಲಿಲ್ಲ. ಸ್ಪೀಕರಿನಲ್ಲಿ ಮಗಳ ಉಸಿರು ಕೇಳಿಸುವುದಿಲ್ಲವೆಂದು ಆಕೆಯ ದೂರು.

ಎರಡು ವರ್ಷದ ಹಿಂದೆ, ಒಂಬತ್ತು ದಿನದ ಜ್ವರದಲ್ಲಿ ಪುಟ್ಟಿ ಹೋಗಿಬಿಟ್ಟಳು. ದೇವರು ಕೊಟ್ಟಾಗ ಯಾಕೆ ಕೊಟ್ಟೆ ಎಂದು ಕೇಳದವರು, ಕರೆದುಕೊಂಡಾಗ ಯಾಕೆ ಎಂದು ಕೇಳುವುದು ಹೇಗೆ ಎಂದು ಬೈಂಡರು ಮನೆಗೆ ಬಂದವರಿಗೆಲ್ಲ ಹೇಳಿದರು. ಮಗಳ ದೇಹವನ್ನು ಇಲ್ಲಿಗೆ ತರಲಾಗಲಿಲ್ಲ, ಅಲ್ಲಿಯೇ ಮಣ್ಣು ಮಾಡಿದರು. ಜೊತೆಯ ನರ್ಸೊಬ್ಬಳು ಒಂದು ಫೋಟೋ ಕಳಿಸಿದಳು. ಹಸಿ ಮಣ್ಣಿನ ದಿಬ್ಬ, ತಲೆಯ ಕಡೆ ಕಬ್ಬಿಣದ ಚಿಕ್ಕ ಫಲಕ, ಅದರ ಮೇಲೆ ಒಂದು ಸಂಖ್ಯೆ. ಹೆಸರಿಲ್ಲ.

ಆ ಮಣ್ಣನ್ನು ಒಮ್ಮೆ ಕಣ್ಣಾರೆ ಕಾಣಬೇಕು, ಹೆಸರು ಕೆತ್ತಿದ ಕಲ್ಲೊಂದನ್ನು ನಿಲ್ಲಿಸಬೇಕು ಎಂಬ ಹಂಬಲ ಬೈಂಡರನ್ನು ಹಿಡಿದುಕೊಂಡಿತು. ವಿಮಾನದ ದರ ಕೇಳಿದರೆ ತಲೆ ತಿರುಗುತ್ತಿತ್ತು. ಆಗ ದಾರಿ ತೋರಿಸಿದವಳು ಲೈಬ್ರರಿಯ ಕೌಂಟರಿನಲ್ಲಿ ಕೂರುವ ಹೆಂಗಸು. ಕಾರ್ಡುಗಳ ಪಾಯಿಂಟು ಕೂಡಿಸಿ ನಾಲ್ಕು ಸಲ ಪುಕ್ಕಟೆ ಹಾರಿಬಂದವಳೆಂದು ಆಕೆಗೆ ಎಲ್ಲರೂ ವಿಮಾನದಮ್ಮ ಎಂದು ಹೆಸರಿಟ್ಟಿದ್ದರು.

"ಜೋಡಿ ಇದೀರಲ್ಲ ಬೈಂಡರೇ, ಅದೇ ನಿಮ್ಮ ಬಂಡವಾಳ," ಎಂದಳು ವಿಮಾನದಮ್ಮ. "ಮೊದಲು ನೀವು ಕಾರ್ಡ್ ತಗೊಳ್ಳಿ. ಮೂರು ತಿಂಗಳಲ್ಲಿ ಬ್ಯಾಂಕಿನವರು ಹೇಳಿದಷ್ಟು ಖರ್ಚು ಮಾಡಿದ್ರೆ ನಲವತ್ತು ಸಾವಿರ ಪಾಯಿಂಟು. ಆಮೇಲೆ ನಿಮ್ಮ ಕಡೆಯಿಂದಲೇ ಮನೇಲಿರೋ ಅಕ್ಕನ್ನ ಸೇರಿಸಿ, ಕರೆತಂದದ್ದಕ್ಕೆ ನಿಮಗೆ ಹತ್ತು ಸಾವಿರ. ಅಕ್ಕನ ಖರ್ಚು ಮುಗಿದ್ರೆ ಅವರಿಗೆ ನಲವತ್ತು. ಒಟ್ಟು ತೊಂಬತ್ತು, ಒಬ್ಬರು ಹೋಗಿಬರೋಕೆ ನಲವತ್ತೈದು ಬೇಕು. ಸರಿಹೋಯ್ತಲ್ಲ? ಆದ್ರೆ ಬಿಲ್ಲು ಬಂದ ದಿನವೇ ಕಟ್ಟಿಬಿಡಿ. ತಡ ಮಾಡಿದ್ರೆ ಬಡ್ಡಿ ನಿಮ್ಮ ವಿಮಾನಾನೇ ನುಂಗಿಬಿಡುತ್ತೆ."

ಬೈಂಡರು ಒಂದು ರಟ್ಟಿನ ಮೇಲೆ ಗೆರೆ ಎಳೆದು ತಿಂಗಳುಗಳನ್ನು ಬರೆದರು. ಎಡಗಡೆ 'ನಾನು', ಬಲಗಡೆ 'ಅವಳು'. ಅದನ್ನು ಅಡುಗೆಮನೆಯ ಕಪಾಟಿನ ಬಾಗಿಲ ಒಳಗೆ ಅಂಟಿಸಿ ಹೆಂಡತಿಗೆ ಎಲ್ಲವನ್ನೂ ವಿವರಿಸಿದರು. ಆಕೆ ಪಾತ್ರೆ ಒರೆಸುತ್ತ "ಹೂಂ" ಎಂದಳು.

ಹುಟ್ಟಿದಾಗಿನಿಂದ ಕೈ ಬಿಗಿ ಹಿಡಿದವರಿಗೆ ಖರ್ಚು ಮಾಡುವುದು ಎಷ್ಟು ಕಷ್ಟವೆಂದು ಆಮೇಲೆ ತಿಳಿಯಿತು. ಮುಂದೂಡುತ್ತ ಬಂದಿದ್ದ ಹಲ್ಲು ಕೀಳಿಸಿದ್ದಾಯಿತು. ವರ್ಷದ ವಿಮೆಯನ್ನು ಒಂದೇ ಸಲ ಕಟ್ಟಿದ್ದಾಯಿತು. ಕೆಳಗಿನ ಮನೆಯವರ ಫ್ರಿಜ್ಜನ್ನೂ ತಮ್ಮ ಕಾರ್ಡಿನಲ್ಲೇ ಕೊಡಿಸಿ ಅವರಿಂದ ನಗದು ತೆಗೆದುಕೊಂಡರು. "ಏನಾದ್ರೂ ಕೊಳ್ಳೋದಿದ್ರೆ ಬೈಂಡರಿಗೆ ಹೇಳ್ರಪ್ಪ, ಅವರ ಕಾರ್ಡಿಗೆ ಹಸಿವಂತೆ," ಎಂದು ವಠಾರದಲ್ಲಿ ನಗೆಯಾಯಿತು. ಹೆಂಡತಿಯ ಕಾರ್ಡು ಬಂದ ಮೇಲೆ ಇಬ್ಬರಿಗೂ ಒಂದೊಂದು ಜೊತೆ ಬೂಟು ಕೊಂಡರು. ಬೈಂಡರು ದಿನಾ ಬೆಳಿಗ್ಗೆ ಹಾಕಿಕೊಂಡು ನಡೆದು ತಮ್ಮದನ್ನು ಪಳಗಿಸಿದರು. ಹೆಂಡತಿಯ ಬೂಟು ಡಬ್ಬಿಯಲ್ಲೇ ಇತ್ತು, ಒಳಗೆ ತುರುಕಿದ್ದ ಕಾಗದವೂ ಹಾಗೇ ಇತ್ತು. ಎಲ್ಲ ಮುಗಿದು, ಪಾಯಿಂಟುಗಳನ್ನು ಒಂದುಗೂಡಿಸಿ ಟಿಕೆಟ್ಟು ಕೇಳಿದಾಗಲೇ ಈ ತಡೆ.

ಅಂದು ಸಂಜೆ ಬ್ಯಾಂಕಿನ ಸುದ್ದಿ ಹೇಳಿದಾಗ ಹೆಂಡತಿ, ಪುಟ್ಟಿ ಹೋದ ಮೇಲೆ ಮೊದಲ ಸಲ, ನಕ್ಕಳು.

"ನಾವಿಬ್ಬರೂ ಒಂದೇ ಅಂತಾ ಅವರಿಗೆ ಹೇಳಿದ್ಯಾರು?"

"ನಗೋ ಮಾತಲ್ಲ ಕಣೆ. ಎರಡು ಟಿಕೆಟ್ಟೂ ಹೋಗುತ್ತೆ. ನಿನಗೊಂದು ನಂಬರು ಬೇಕು."

"ನನಗ್ಯಾಕೆ ಬೇರೆ ನಂಬರು? ಪುಟ್ಟಿಗೆ ಗೊತ್ತಿರೋದು ಇದೇ ತಾನೇ?"

ಹೆಂಡತಿ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವವಳಂತೆ ಬೇಗಬೇಗ ತಟ್ಟೆ ಹಾಕಿದಳು.

ಮರುದಿನವೇ ಬೈಂಡರು ಅಗ್ಗದ ಫೋನೊಂದನ್ನೂ ಹೊಸ ನಂಬರನ್ನೂ ತಂದರು. ಬ್ಯಾಂಕಿನವರು ಬುಧವಾರ ಬೆಳಿಗ್ಗೆ ಹತ್ತಕ್ಕೆ ಎಂದಿದ್ದರು. ಇಬ್ಬರೂ ಅರ್ಧ ದಿನ ರಜೆ ಹಾಕಿದರು. ಬೈಂಡರು ಹಿಂದಿನ ದಿನವೇ ದುಂಡಗಿನ ಅಕ್ಷರದಲ್ಲಿ ಉತ್ತರಗಳನ್ನು ಬರೆದಿಟ್ಟಿದ್ದರು: ಹುಟ್ಟಿದ ದಿನ, ತಾಯಿಯ ಹೆಸರು, ಸಂಬಳ. 'ಕಾರ್ಡು ಯಾಕೆ ಬೇಕು?' ಎಂದು ಕೇಳಿಯಾರು ಎಂದು ಅದಕ್ಕೂ ಬರೆದರು: 'ಪ್ರವಾಸಕ್ಕೆ.' ಬರೆದು ಆ ಪದವನ್ನೇ ನೋಡಿದರು. ಸುಳ್ಳಲ್ಲ, ನಿಜವೂ ಅಲ್ಲ.

ಅಲ್ಲಿಗೆ ಹೋಗಲು ಅವರಿಗಿದ್ದ ಕಾರಣವನ್ನು ಅವರು ದೇವರ ಮುಂದೆ ಬಿಟ್ಟರೆ ಯಾರ ಮುಂದೆಯೂ ಆಡಿರಲಿಲ್ಲ. ಕೊನೆಯ ಭಾನುವಾರ, ಹೆಂಡತಿ ಹಾಲು ನೋಡಲು ಒಲೆಯ ಕಡೆ ಎದ್ದಿದ್ದಾಗ, ಪುಟ್ಟಿ ಕೇಳಿದ್ದಳು. "ಅಪ್ಪಾ, ಯಾಕೋ ಮೈ ಸರಿಯಿಲ್ಲ. ಬಂದ್ಬಿಡ್ಲಾ?" ಬೈಂಡರು ಫೋನನ್ನು ಕಿವಿಗೆ ಒತ್ತಿಕೊಂಡು, ದನಿ ತಗ್ಗಿಸಿ, "ಇನ್ನು ನಾಲ್ಕು ತಿಂಗಳು ತಾನೇ ಪುಟ್ಟಿ. ಒಪ್ಪಂದ ಮುಗಿಸ್ಕೊಂಡೇ ಬಾ," ಎಂದಿದ್ದರು. ಮಗಳು "ಸರಿ ಅಪ್ಪ" ಎಂದಿದ್ದಳು. ಅವಳು ಯಾವತ್ತೂ ಎದುರಾಡಿದವಳಲ್ಲ.

ಬುಧವಾರ ಹತ್ತಕ್ಕೆ ಐದು ನಿಮಿಷವಿರುವಾಗ ಬೈಂಡರು ಹೆಂಡತಿಯನ್ನು ಬೆಂಚಿನ ಮೇಲೆ ಕೂರಿಸಿ, ಕಾಗದವನ್ನು ಮುಂದಿಟ್ಟು, ಹೊರಗೆ ಹೋಗಿ ಬಾಗಿಲೆಳೆದುಕೊಂಡರು. ಹೋಗಿದ್ದು ಮೆಟ್ಟಿಲವರೆಗೆ ಮಾತ್ರ. ತೆಳು ಹಲಗೆಯ ಬಾಗಿಲು. ಹೊಸ ಫೋನಿನ ಸ್ಪೀಕರ್ ಆರಿಸುವುದು ಆಕೆಗೆ ಗೊತ್ತಿರಲಿಲ್ಲ. ಎರಡೂ ಕಡೆಯ ಮಾತು ಎದುರಿಗೆ ಕೂತು ಆಡಿದಂತೆ ಕೇಳಿಸಿತು.

ಹುಟ್ಟಿದ ದಿನ ಆಯಿತು. ತಾಯಿಯ ಹೆಸರು ಆಯಿತು. ಸಂಬಳ ಹೇಳುವಾಗ ಆಕೆ ಸ್ವಲ್ಪ ಜಾಸ್ತಿಯೇ ಹೇಳಿದಳು. ಬೈಂಡರಿಗೆ ನಗು ಬಂತು. ಕಾರ್ಡು ಯಾಕೆ ಎಂದದ್ದಕ್ಕೆ, ಪ್ರವಾಸಕ್ಕೆ ಎಂದಳು.

"ಕೊನೇ ಪ್ರಶ್ನೆ ಮೇಡಂ. ಈ ಕಾರ್ಡಿಗೆ ನಿಮ್ಮ ಸ್ವಂತ ಇಚ್ಛೆಯಿಂದ ಅರ್ಜಿ ಹಾಕಿದ್ರಾ?"

ಈ ಪ್ರಶ್ನೆ ಕಾಗದದ ಮೇಲೆ ಇರಲಿಲ್ಲ. ಬೈಂಡರು ಬಾಗಿಲಿಗೆ ಕೈಯಿಟ್ಟರು. 'ಹೂಂ' ಅನ್ನು, ಯಾವಾಗಲೂ ಅನ್ನುತ್ತೀಯಲ್ಲ, ಇದೊಂದು ಸಲ ಅನ್ನು ಎಂದು ಮನಸ್ಸಿನಲ್ಲೇ ಬೇಡಿಕೊಂಡರು.

"ಅದನ್ನ ನನ್ನ ಯಾರೂ ಕೇಳಿರಲಿಲ್ಲಮ್ಮ," ಎಂದಳು ಹೆಂಡತಿ.

"ಅಂದ್ರೆ, ನಿಮ್ಮ ಹೆಸರಲ್ಲಿ ಬೇರೆ ಯಾರಾದ್ರೂ ಹಾಕಿದ್ರಾ?"

"ಇಲ್ಲ ಇಲ್ಲ. ಸಹಿ ನಂದೇ. ನಮ್ಮ ಯಜಮಾನರು ಅಂಥವರಲ್ಲ. ಇಚ್ಛೆ ಅಂತ ಕೇಳಿದ್ರಲ್ಲ, ಅದು ನಂದಲ್ಲ ಅಷ್ಟೇ."

"ಹಾಗಾದ್ರೆ ಕಾರ್ಡು ರದ್ದು ಮಾಡಬೇಕಾಗುತ್ತೆ ಮೇಡಂ. ನಿಮ್ಮ ಪಾಯಿಂಟೂ, ನಿಮ್ಮನ್ನ ಸೇರಿಸಿದ್ದಕ್ಕೆ ಯಜಮಾನರಿಗೆ ಕೊಟ್ಟಿದ್ದೂ ಹೋಗುತ್ತೆ. ಅವರ ಸ್ವಂತದ್ದು ಅವರಿಗೆ ಸಿಗುತ್ತೆ. ಪರವಾಗಿಲ್ವಾ?"

"ಅವರಿಗೆ ಸಿಗುತ್ತಲ್ಲ. ಸಾಕು."

ಬೈಂಡರು ಮೆಟ್ಟಿಲಿಳಿದರು. ಎರಡು ಮಹಡಿ ಇಳಿದು ರಸ್ತೆಗೆ ಬಂದದ್ದು ಹೇಗೆಂದು ಅವರಿಗೇ ತಿಳಿಯಲಿಲ್ಲ. ಮೊದಲು ಸಿಟ್ಟು ಬಂತು: ಒಂದು ವರ್ಷದ ಹೊಲಿಗೆಯನ್ನು ಒಂದೇ ಎಳೆಗೆ ಬಿಚ್ಚಿಬಿಟ್ಟಳಲ್ಲ! ತಮ್ಮ ಪಾಲಿನ ನಲವತ್ತು ಸಾವಿರಕ್ಕೆ ಖರ್ಚಿನ ಮೇಲೆ ಬಂದ ಚಿಲ್ಲರೆ ಪಾಯಿಂಟು ಸೇರಿಸಿದರೆ ಒಂದು ಟಿಕೆಟ್ಟು. ಒಂದೇ. ಎದುರಿನ ಗೋಡೆಗೆ ಒರಗಿ ನಿಂತರು. ಮೇಲೆ ತಮ್ಮ ಅಡುಗೆಮನೆಯ ಕಿಟಕಿ ಕಾಣುತ್ತಿತ್ತು. ಅದರ ಚೌಕಟ್ಟಿನಲ್ಲಿ, ಕಿಟಕಿಗೆ ತಾಗಿದ ಬೆಂಚಿನ ಮೇಲೆ ಕೂತ ಹೆಂಡತಿಯ ಬೆನ್ನು. ಇಷ್ಟು ವರ್ಷದಲ್ಲಿ ಆಕೆಯನ್ನು ಹೀಗೆ ಹೊರಗಿನಿಂದ ನೋಡಿರಲಿಲ್ಲ. ನಿಂತು ನೋಡನೋಡುತ್ತ ಸಿಟ್ಟು ಎಲ್ಲಿಗೋ ಜಾರಿತು. ರಟ್ಟಿನ ಮೇಲೆ 'ಅವಳು' ಎಂದು ಬರೆದ ದಿನ ಆಕೆಯ ಮುಖ ನೋಡಿದ್ದೆನೇ ಎಂದು ನೆನಪಿಸಿಕೊಳ್ಳಲು ಹೋದರು. ಪಾತ್ರೆ ಒರೆಸುವ ಬಟ್ಟೆ ಮಾತ್ರ ನೆನಪಾಯಿತು.

ಜೇಬಿನಿಂದ ಫೋನು ತೆಗೆದು ಹೊಸ ನಂಬರು ಒತ್ತಿದರು. ಹೆಂಡತಿಗೆ ಫೋನು ಮಾಡುತ್ತಿರುವುದು ಜೀವನದಲ್ಲಿ ಇದೇ ಮೊದಲು.

"ಹಲೋ, ಯಾರು?"

"ನಾನು."

"ನೀವಾ! ಎಲ್ಲಿದೀರಾ?"

"ಕೆಳಗೆ. ರಸ್ತೇಲಿ."

"ಮೇಲೆ ಬಂದು ಮಾತಾಡಬಾರದಾ? ದುಡ್ಡು ದಂಡ."

"ಎದುರಿಗೆ ಕೇಳೋಕೆ ಬಾಯಿ ಬರ್ತಿಲ್ಲ. ನಿನಗೆ ಅಲ್ಲಿಗೆ ಬರೋ ಮನಸ್ಸಿಲ್ವಾ?"

ಫೋನಿನಲ್ಲಿ ಆಕೆಯ ಉಸಿರು ಕೇಳಿಸಿತು.

"ಇಲ್ಲ ರೀ. ವಾರ್ಡಿಗೆ ಹೋದ ಹೊದಿಕೆ ಎಷ್ಟೋ ಸಲ ವಾಪಸ್ ಬರಲ್ಲ. ಬರಲ್ಲ ಅಂತ ಗೊತ್ತಿದ್ರೂ ನಾನು ಲೆಕ್ಕದ ಪುಸ್ತಕದಲ್ಲಿ 'ಬರಬೇಕು' ಅಂತಲೇ ಬರೀತೀನಿ. 'ಹೋಯ್ತು' ಅಂತ ಒಂದು ಸಲ ಬರೆದ್ರೆ ಮತ್ತೆ ಯಾರೂ ಹುಡುಕಲ್ಲ. ಅವಳನ್ನೂ ಹಾಗೇ ಇಟ್ಕೊಂಡಿದೀನಿ. ಆ ಕಲ್ಲು ನೋಡಿದ್ರೆ ನನ್ನ ಕೈಯಾರೆ 'ಹೋಯ್ತು' ಅಂತ ಬರೆದ ಹಾಗಾಗುತ್ತೆ."

"ಮೊದಲೇ ಹೇಳಬಾರದಿತ್ತಾ?"

"ನಿಮಗೆ ಹೋಗಲೇಬೇಕಿತ್ತಲ್ಲ. ಹೋಗಿ ಬನ್ನಿ. ಅವಳ ಹತ್ರ ನಿಮಗೆ ಮಾತಿದೆ."

"ಏನು ಮಾತು?"

"ಒಪ್ಪಂದ ಮುಗಿಸ್ಕೊಂಡೇ ಬಾ ಅಂದ್ರಲ್ಲ."

ಎದುರಿಗೆ ಒಂದು ಸೈಕಲ್ಲು ಹಾದುಹೋಯಿತು.

"ನೀನು ಒಲೆ ಹತ್ರ ಇದ್ದೆ," ಎಂದರು.

"ಹಾಲು ನೋಡೋಕೆ ಎದ್ದೆ ಅಷ್ಟೇ. ನಮ್ಮ ಅಡುಗೆಮನೆ ಎಷ್ಟು ದೊಡ್ಡದು ಅಂದ್ಕೊಂಡಿದೀರಾ?"

"ಎರಡು ವರ್ಷ ಒಂದು ಮಾತೂ ಆಡಲಿಲ್ಲವಲ್ಲ ನೀನು."

"ನೀವೂ ಆಡಲಿಲ್ಲ."

ಬೈಂಡರು ಫೋನನ್ನು ಕಿವಿಗೆ ಒತ್ತಿಕೊಂಡು ತಲೆಯೆತ್ತಿದರು. ಹೆಂಡತಿ ಕಿಟಕಿಯ ಕಡೆ ತಿರುಗಿ ಬೆಂಚಿನ ಒಂದು ತುದಿಗೆ ಸರಿದು ಕೂತಿದ್ದಳು. ಇನ್ನೊಂದು ತುದಿ ಖಾಲಿಯಿತ್ತು. ಕೈಯಲ್ಲಿ ಹೊಸ ಫೋನು. ಅದನ್ನು ಆಕೆ ಕಿವಿಗೆ ಒತ್ತಿಕೊಂಡಿರಲಿಲ್ಲ. ಆ ಭಾನುವಾರಗಳಂತೆ ಎರಡು ಬೆರಳಷ್ಟು ಓರೆಯಾಗಿ, ದೂರವಾಗಿ ಹಿಡಿದಿದ್ದಳು.