ಚಾಕು ಮೊಂಡು ಮಾಡಿದವರು ಯಾರು

ನಿನ್ನೆ ಸಂಜೆ ತಾನೇ ಕೂತು ಮಸೆದಿಟ್ಟ ಚಾಕು ಬೆಳಗಾಗುವುದರೊಳಗೆ ಮತ್ತೆ ಮೊಂಡಾಗಿತ್ತು. ಅತ್ತೆ ಟೊಮೆಟೊ ಮೇಲೆ ಅಲಗು ಇಟ್ಟು ಎಳೆದಳು, ಸಿಪ್ಪೆ ಹರಿಯಲಿಲ್ಲ. ಒತ್ತಿದಳು, ಟೊಮೆಟೊ ಪಿಚಕ್ಕೆಂದು ಬೀಜವನ್ನೆಲ್ಲ ಆಕೆಯ ಮುಖಕ್ಕೇ ಉಗುಳಿತು. ರಾತ್ರೋರಾತ್ರಿ ತನ್ನಷ್ಟಕ್ಕೆ ತಾನೇ ಸವೆಯಲು ಚಾಕುವೇನು ನಿದ್ದೆಯಲ್ಲಿ ಹಲ್ಲು ಕಡಿಯುತ್ತದೆಯೇ? ಯಾರೋ ಮಾಡಿದ್ದಾರೆ. ಮನೆಯವರೇ ಮಾಡಿದ್ದಾರೆ.

ಮನೆಯಲ್ಲಿ ಇರುವವರಾದರೂ ಎಷ್ಟು ಜನ? ಮಗನಿಗೆ ಅಡುಗೆಮನೆಯಲ್ಲಿ ಗೊತ್ತಿರುವ ವಸ್ತು ನೀರಿನ ಲೋಟ ಒಂದೇ. ಯಜಮಾನರು, ಅಂದರೆ ಆಕೆಯ ಗಂಡ, ಆಯಸ್ಸೆಲ್ಲ ಬಸ್ಸು ಓಡಿಸಿ ಮನೆ ಸೇರಿದವರು. ಪೇಪರ್ ಓದುವುದು, ಮಧ್ಯಾಹ್ನ ಗೊರಕೆ ಹೊಡೆಯುವುದು, ಇವೆರಡು ಬಿಟ್ಟರೆ ಈ ಕಡೆಯ ಕಡ್ಡಿ ಎತ್ತಿ ಆ ಕಡೆ ಇಡುವವರಲ್ಲ. ಉಳಿದವಳು ಸೊಸೆ. ಕನ್ನಡಕದ ಅಂಗಡಿಯಲ್ಲಿ ಕೆಲಸ, ಬೆಣ್ಣೆಯಂಥ ಮಾತು. ಅವಳು ತಿಂಗಳಿಂದ ಒಂದೇ ರಾಗ ಹಿಡಿದಿದ್ದಳು: "ಅತ್ತೆ, ಒಂದು ಹೊಸ ಚಾಕು ತಗೊಳ್ಳೋಣ. ತುಕ್ಕು ಹಿಡಿಯಲ್ಲ, ದಿನಾ ಮಸೀಬೇಕಿಲ್ಲ, ತೊಳೆದು ಇಟ್ರೆ ಆಯ್ತು."

ಅತ್ತೆಯ ಚಾಕುವಿಗೆ ಆ ಸೌಭಾಗ್ಯ ಇರಲಿಲ್ಲ ನಿಜ. ಕಪ್ಪು ಕಬ್ಬಿಣದ ಅಲಗು. ಒಂದು ಗಳಿಗೆ ಒದ್ದೆ ಬಿಟ್ಟರೆ ತುಕ್ಕು, ದಿನ ಬಿಟ್ಟು ದಿನ ಕಲ್ಲಿಗೆ ಹಿಡಿಯದಿದ್ದರೆ ಮುನಿಸು. ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಮೂಟೆಗಟ್ಟಲೆ ಈರುಳ್ಳಿ ಹೆಚ್ಚಿದ ಚಾಕು ಅದು. ಕೆಲಸ ಬಿಡುವಾಗ ಆಕೆ ಕೇಳಿ ಮನೆಗೆ ತಂದ ವಸ್ತು ಅದೊಂದೇ. ಅದನ್ನು ಮಸೆಯಲು ಸೊಸೆಗೆ ಒಮ್ಮೆಯೂ ಕೊಟ್ಟಿರಲಿಲ್ಲ.

ಈಗ ಆಕೆಗೆ ಎಲ್ಲವೂ ಅರ್ಥವಾಯಿತು. ಹಳೇ ಚಾಕು ಕೆಡಿಸು, ಹೊಸ ಚಾಕು ತರಿಸು. ಇವತ್ತು ಚಾಕು ಹೊಸದು, ನಾಳೆ ಒಲೆಯ ಮುಂದೆ ನಿಲ್ಲುವವಳೂ ಹೊಸಬಳು. ಮಳ್ಳಿ ಮಳ್ಳಿ ಮಂಚಕ್ಕೆಷ್ಟು ಕಾಲು ಅಂದರೆ ಮೂರು ಮತ್ತೊಂದು ಅಂದಳಂತೆ! ಹಿತ್ತಲ ಬಾಗಿಲ ಕಲ್ಲಿನ ಮೆಟ್ಟಿಲ ಮೇಲೆ ಬೂದು ಗೀರುಗಳು ಬಿದ್ದಿದ್ದನ್ನು ಕಂಡರೂ ಆಕೆಗೆ ರೇಗಿತು. "ಚಪ್ಪಲಿ ಎಳ್ಕೊಂಡು ನಡೀಬೇಡ ಅಂತ ಎಷ್ಟು ಸಲ ಹೇಳ್ಬೇಕು?" ಎಂದು ಅದಕ್ಕೂ ಸೊಸೆಯನ್ನೇ ಗದರಿದಳು. ಸೊಸೆ ತನ್ನ ಬರಿಗಾಲನ್ನು ನೋಡಿಕೊಂಡಳು.

ಸೊಸೆಯ ಮೇಲೆ ಅನುಮಾನಪಡುವುದರಲ್ಲಿ ಅತ್ತೆಗೆ ಒಂದು ಸಮಾಧಾನವೂ ಇತ್ತು. ಯಾಕೆಂದರೆ ಇನ್ನೊಂದು ಅನುಮಾನ ಇದಕ್ಕಿಂತ ಕೆಟ್ಟದ್ದು: ತಪ್ಪು ಚಾಕುವಿನದಲ್ಲ, ಕೈಯದು ಎನ್ನುವುದು. ಆಕೆಯ ತಾಯಿಯ ಕೈ ಇದೇ ವಯಸ್ಸಿಗೆ ಸೋತಿತ್ತು. ಮೊದಲು ಚಾಕು ಜಾರಿತು, ಆಮೇಲೆ ಲೋಟ, ಕೊನೆಗೆ ತುತ್ತು. ತಿಂಗಳ ಹಿಂದೆ ಅತ್ತೆ ಕುಂಬಳಕಾಯಿ ಹೆಚ್ಚುವಾಗ ಫೋನಿನ ಕಡೆ ತಿರುಗಿ ತೋರುಬೆರಳು ಕುಯ್ದುಕೊಂಡಿದ್ದಳು. ನೋಡಿದವರು ಯಜಮಾನರು ಒಬ್ಬರೇ. ಅವರೇ ಬಟ್ಟೆ ಕಟ್ಟಿದರು. "ಯಾರಿಗೂ ಹೇಳ್ಬೇಡಿ" ಎಂದು ಆಣೆ ಹಾಕಿಸಿಕೊಂಡಿದ್ದಳು. ಆದರೆ ಆಮೇಲೂ ಚಾಕು ಜಾರಿತು, ಒಮ್ಮೆಯಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳು ಎಂದು ನಾಳೆ ಯಾರಾದರೂ ಅಂದರೆ?

ಸರಿ, ಪರೀಕ್ಷೆ ಆಗಿಯೇ ಬಿಡಲಿ ಎಂದು ಆ ಸಂಜೆ ಚಾಕುವನ್ನು ಮತ್ತೆ ಮಸೆದಳು. ಪೇಪರಿನ ಅಂಚು ಕುಯ್ದು ನೋಡಿದಳು, ಸರ್ರನೆ ಹೋಯಿತು. ಬಟ್ಟೆಯಲ್ಲಿ ಸುತ್ತಿ, ಹೊಲಿಗೆಯಿರುವ ಬದಿ ಒಳಗೆ ಬರುವಂತೆ ಮಡಚಿ, ಹಿಟ್ಟಿನ ಡಬ್ಬದ ಹಿಂದೆ ಇಟ್ಟಳು. ಬೆಳಿಗ್ಗೆ ಎದ್ದು ನೋಡಿದರೆ ಚಾಕು ಅಲ್ಲೇ ಇದೆ, ಬಟ್ಟೆಯೂ ಇದೆ, ಹೊಲಿಗೆ ಮಾತ್ರ ಹೊರಗೆ! ಅಲಗಿನ ಮೇಲೆ ಹೆಬ್ಬೆರಳು ಆಡಿಸಿದಳು. ಚಮಚದ ಬೆನ್ನಿಗಿಂತ ಕಡೆ.

"ಕೈಯಲ್ಲ! ನನ್ನ ಕೈಯಲ್ಲ!" ಎಂದು ಒಳಗೊಳಗೇ ಕುಣಿದಳು. ಮರುಗಳಿಗೆಗೇ ಸಿಟ್ಟು ನೆತ್ತಿಗೇರಿತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಊರಿಗೆ ಕಾಣುವುದಿಲ್ಲವೇ? ಕಳ್ಳಿಯನ್ನು ಅವಳ ಬಾಯಿಂದಲೇ ಹಿಡಿಯಬೇಕು ಎಂದುಕೊಂಡು ಹೊರಗೆ ಬಂದಳು.

"ನಡಿಯಮ್ಮಾ, ಇವತ್ತೇ ಹೋಗೋಣ ನಿನ್ನ ಚಾಕು ತರೋಕೆ" ಎಂದಳು. ಸೊಸೆಗೆ ಅವತ್ತು ರಜೆ. ಅವಳು ಅರಳಿದ ಮುಖದಲ್ಲಿ ಎದ್ದಳು. ಆ ಖುಷಿಯನ್ನೂ ಅತ್ತೆ ಲೆಕ್ಕಕ್ಕೆ ಬರೆದುಕೊಂಡಳು.

ಪಾತ್ರೆ ಅಂಗಡಿಯವನು ಗಾಜಿನ ಪೆಟ್ಟಿಗೆಯಿಂದ ಥಳಥಳಿಸುವ ಒಂದು ಚಾಕು ತೆಗೆದ. "ಇದು ತಗೊಳ್ಳಿ ಅಮ್ಮಾ. ಜೀವಮಾನದಲ್ಲಿ ಸಾಣೆ ಕೇಳಲ್ಲ."

"ಸಾಣೆ ಕೇಳದ ಚಾಕುನೂ ಹಸಿವಾಗದ ಹೊಟ್ಟೆನೂ ಎಲ್ಲಿದೆಯಪ್ಪಾ?" ಎಂದಳು ಅತ್ತೆ. "ಬೆಳ್ಳಗಿರೋದೆಲ್ಲ ಹಾಲಲ್ಲ. ಅಲಗು ಹಿಡಿಯೊಳಗೆ ಎಲ್ಲಿವರೆಗೆ ಹೋಗಿದೆ ಹೇಳು."

ಅವನು ತಲೆ ಕೆರೆದುಕೊಂಡ. ಅತ್ತೆ ಹಿಡಿಯನ್ನು ಗೆಣ್ಣಿನಿಂದ ಕುಟ್ಟಿದಳು, ಪೊಳ್ಳು ಸದ್ದು. ಆಚೆ ಸರಿಸಿದಳು. ಇನ್ನೊಂದರಲ್ಲಿ ಅಲಗೂ ಹಿಡಿಯೂ ಕೂಡುವ ಕಡೆ ಸಂದಿ. ಕೊಳೆ ಕೂರುತ್ತದೆಂದು ಅದಕ್ಕೂ ಮೂಗು ಮುರಿದಳು. ಸೊಸೆ ಮೆಲ್ಲಗೆ ಬೇರೊಂದನ್ನು ಮುಂದಿಟ್ಟಳು. ನೋಡಲು ಏನೂ ಅಲ್ಲ, ಹೂವಿಲ್ಲ, ಹೊಳಪಿಲ್ಲ.

"ಇದು ನೋಡಿ ಅತ್ತೆ. ಹಿಡಿ ಕೊನೆವರೆಗೂ ಒಂದೇ ಲೋಹ. ತುಕ್ಕು ಹಿಡಿಯಲ್ಲ. ಉಕ್ಕು ತೀರಾ ಗಟ್ಟಿಯಾದ್ರೆ ಅಲಗಿನ ಬಾಯಿ ಚಕ್ಕೆ ಏಳುತ್ತಂತೆ, ಮನೇಲಿ ಮಸೆಯೋಕೂ ಕಷ್ಟ. ಇದು ಹದವಾಗಿದೆ. ಅಪರೂಪಕ್ಕೊಮ್ಮೆ ಕಲ್ಲಿಗೆ ಹಿಡಿದ್ರೆ ಸಾಕು."

ಓದಿಕೊಂಡೇ ಬಂದಿದ್ದಾಳೆ, ಕಿಲಾಡಿ! ಅತ್ತೆ ಚಾಕುವನ್ನು ಬೆರಳ ಮೇಲೆ ಅಡ್ಡ ಇಟ್ಟು ತೂಗಿದಳು. ಅಲಗೂ ಹಿಡಿಯೂ ಸಮ ನಿಂತವು. ತನ್ನ ಚೀಲದಿಂದ ಒಂದು ಟೊಮೆಟೊ ತೆಗೆದಳು.

"ಅಮ್ಮಾ, ಅಂಗಡೀಲಿ..." ಎಂದ ಅವನು.

"ಚಪ್ಪಲಿ ತಗೊಳ್ಳುವಾಗ ಕಾಲು ಹಾಕಿ ನೋಡಲ್ವಾ? ಒಂದು ರಟ್ಟು ಕೊಡು" ಎಂದಳು ಅತ್ತೆ.

ರಟ್ಟಿನ ಮೇಲೆ ಟೊಮೆಟೊ ಇಟ್ಟಳು. ಕೈ ಸೋತಿದ್ದರೆ ಈಗ ಗೊತ್ತಾಗುತ್ತದೆ. ಒತ್ತಲಿಲ್ಲ, ಬರೀ ಎಳೆದಳು. ಮೊದಲ ಬಿಲ್ಲೆ ಬಿತ್ತು. ಅದರ ಹಿಂದೆಯೇ ಇನ್ನೊಂದು, ಮತ್ತೊಂದು. ಕಿಟಕಿಯ ಕಡೆ ಹಿಡಿದರೆ ಬೆಳಕು ಕಾಣುವಷ್ಟು ತೆಳು. ಕ್ಯಾಂಟೀನಿನ ಕೈ ಇನ್ನೂ ಅಲ್ಲೇ ಇತ್ತು. ಅತ್ತೆಯ ಕಣ್ಣಲ್ಲಿ ನೀರು ಬಂತು. ಈರುಳ್ಳಿ ಅನ್ನೋಣವೆಂದರೆ ಹೆಚ್ಚಿದ್ದು ಟೊಮೆಟೊ. "ಇದನ್ನೇ ಕಟ್ಟಪ್ಪಾ" ಎಂದಳು.

ಬಸ್ ಸ್ಟಾಪಿನಲ್ಲಿ ಆಕೆ ತಡೆಯಲಾರದೆ ಕೇಳಿಯೇಬಿಟ್ಟಳು. "ನಿಜ ಹೇಳು. ನನ್ನ ಚಾಕು ದಿನಾ ಮೊಂಡು ಮಾಡ್ತಿದ್ದವಳು ನೀನೇ ತಾನೆ?"

ಸೊಸೆಯ ಮುಖ ಸುಣ್ಣವಾಯಿತು. "ನಾನಾ? ಅಯ್ಯೋ, ನಾನ್ಯಾಕೆ ಅತ್ತೆ... ನಿಮಗೆ ಮಸೆಯೋಕೆ ಕೈ ಬರ್ತಿಲ್ಲ, ಹೇಳ್ಕೊಳ್ಳೋಕೆ ಸಂಕೋಚ ಪಡ್ತಿದ್ದೀರಿ ಅಂದ್ಕೊಂಡಿದ್ದೆ. ಬೆರಳಲ್ಲಿ ಗಾಯ ನೋಡಿದ್ದೆ. ಅದಕ್ಕೇ ಕಷ್ಟ ಕೊಡದ ಚಾಕು ಹುಡುಕಿದ್ದು."

"ನಾಟಕ ಸಾಕು" ಎಂದಳು ಅತ್ತೆ. ಸೊಸೆ ಮುಖ ತಿರುಗಿಸಿ ಕಣ್ಣು ಒರೆಸಿಕೊಂಡಳು.

ಊಟವಾದ ಮೇಲೆ ಅತ್ತೆ ಹೊಸ ಚಾಕುವನ್ನು ಎಲ್ಲರೆದುರು ಅಡುಗೆಮನೆಯ ಕಟ್ಟೆಯ ಮೇಲಿಟ್ಟು, ಹೋಗಿ ಮಲಗಿದ ಹಾಗೆ ಮಾಡಿದಳು. ಕಿವಿ ಮಾತ್ರ ಸೊಸೆಯ ಕೋಣೆಯ ಕಡೆಗಿತ್ತು. ಆ ಬಾಗಿಲು ಮಿಸುಕಲಿಲ್ಲ. ಪಕ್ಕದಲ್ಲಿ ಯಜಮಾನರ ಗೊರಕೆ ಸಾಂಗವಾಗಿ ನಡೆದಿತ್ತು. ಸ್ವಲ್ಪ ಹೊತ್ತಿಗೆ ಅದು ನಿಂತಿತು. ಮಂಚ ಕಿರುಗುಟ್ಟಿತು. ಆಮೇಲೆ ಹಿತ್ತಲ ಕಡೆಯಿಂದ ಸದ್ದು: ಗರ್, ಗರ್, ಗರ್.

ಆಕೆ ಬೆಕ್ಕಿನ ಹೆಜ್ಜೆಯಲ್ಲಿ ಹೋಗಿ ನೋಡಿದಳು. ಯಜಮಾನರು ಮೆಟ್ಟಿಲ ಮೇಲೆ ಕುಕ್ಕರಗಾಲಲ್ಲಿ ಕೂತು, ಹೊಸ ಚಾಕುವಿನ ಬಾಯಿಯನ್ನು ನೆಟ್ಟಗೆ ಕಲ್ಲಿಗೆ ಒತ್ತಿ ಉಜ್ಜುತ್ತಿದ್ದರು. ಬೂದು ಗೀರುಗಳ ಮೇಲೆ ಹೊಸ ಗೀರುಗಳು.

"ರೀ! ನೀವಾ!"

ಅವರು ಬೆಚ್ಚಿ ಚಾಕುವನ್ನು ಬೆನ್ನ ಹಿಂದೆ ಮುಚ್ಚಿಟ್ಟರು. ಆಮೇಲೆ ಮುಚ್ಚಿಟ್ಟು ಪ್ರಯೋಜನವಿಲ್ಲವೆಂದು ಮುಂದೆ ತಂದರು. "ಬ್ರೇಕ್ ಹಿಡಿಯದ ಗಾಡಿಗೆ ಸ್ಪೀಡ್ ಕಮ್ಮಿ ಮಾಡ್ಬೇಕಲ್ಲೇ. ಹರಿತ ಕಮ್ಮಿ ಆದ್ರೆ ಗಾಯನೂ ಕಮ್ಮಿ ಆಗುತ್ತೆ ಅಂತ."

"ನಿಮ್ಮ ತಲೆ! ಮೊಂಡು ಚಾಕುನೇ ರೀ ಜಾರೋದು. ಒತ್ತಬೇಕು, ಒತ್ತಿದ್ರೆ ಜಾರುತ್ತೆ. ಇಲ್ಲಿ ನೋಡಿ." ಬೆರಳುಗಳನ್ನು ಅವರ ಮೂಗಿನ ಮುಂದೆ ಹಿಡಿದಳು. "ಕುಂಬಳಕಾಯಿಯ ಈ ಗಾಯ ಒಂದು ನನ್ನ ತಪ್ಪು. ಮಿಕ್ಕಿದ್ದೆಲ್ಲ ನಿಮ್ಮ ಉಪಕಾರ. ಕೈ ಹೋಯ್ತು ಅಂತ ನಾನು ದಿನಾ ಸಾಯ್ತಿದ್ದೆ, ಗೊತ್ತಾ? ಬಾಯಿ ಇರ್ಲಿಲ್ವಾ ಹೇಳೋಕೆ?"

ಯಜಮಾನರು ಆ ಬೆರಳುಗಳನ್ನೇ ನೋಡುತ್ತ ಕೂತರು. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದರು: "ನನ್ನ ಕಣ್ಣು ಮಂಜಾಗಿದೆ ಅಂತ ಡಿಪೋದಲ್ಲಿ ಎಲ್ಲರೆದುರು ಕೀ ಇಸ್ಕೊಂಡ್ರಲ್ಲ, ಅವತ್ತು ಮನೆಗೆ ನಡ್ಕೊಂಡೇ ಬಂದೆ. ನಿನಗೆ ಹೇಳ್ಲಿಲ್ಲ. ನಿನ್ನ ಬೆರಳಲ್ಲಿ ರಕ್ತ ನೋಡಿದಾಗ ಅದೇ ನೆನಪಾಯ್ತು. ನಾಳೆ ಮಗನೋ ಸೊಸೆನೋ ನಿನ್ನ ಕೈಯಿಂದ ಚಾಕು ಇಸ್ಕೊಂಡ್ರೆ? ಮೊಂಡಾದ್ರೂ ಪರವಾಗಿಲ್ಲ, ನಿನ್ನ ಕೈಯಲ್ಲೇ ಇರ್ಲಿ ಅಂತ."

ಅತ್ತೆ ಕೈ ಕೆಳಗಿಳಿಸಿದಳು. ಅವರ ಪಕ್ಕದಲ್ಲಿ ಮೆಟ್ಟಿಲ ಮೇಲೆ ಕೂತಳು. ಇಷ್ಟು ದಿನ ಮನೆಯಲ್ಲಿ ತನ್ನ ಕೈಯಿಂದ ಚಾಕು ಕಸಿದುಕೊಳ್ಳುವವರು ಯಾರೆಂದು ಹುಡುಕುತ್ತಿದ್ದಳು. ಅಂಥವರು ಮನೆಯಲ್ಲಿ ಇರಲೇ ಇಲ್ಲ. ಬಸ್ ಸ್ಟಾಪಿನಲ್ಲಿ ಕಣ್ಣು ಒರೆಸಿಕೊಂಡ ಸೊಸೆ ನೆನಪಾಗಿ ಆಕೆಗೆ ನಾಚಿಕೆಯಾಯಿತು.

ಎದ್ದು ಹೋಗಿ ಸೊಸೆಯ ಕೋಣೆಯ ಬಾಗಿಲು ತಟ್ಟಿದಳು. ಸೊಸೆ ಕೆಂಪಾದ ಕಣ್ಣಲ್ಲಿ ಬಾಗಿಲು ತೆಗೆದಳು.

"ಬಾರಮ್ಮಾ ಇಲ್ಲಿ. ಚಾಕು ಕೆಡಿಸ್ತಿದ್ದದ್ದು ನಿನ್ನ ಮಾವ. ಬೆಳಿಗ್ಗೆ ಅಂದದ್ದು ತಪ್ಪಾಯ್ತು, ಹೊಟ್ಟೆಗೆ ಹಾಕ್ಕೋ" ಎಂದಳು ಅತ್ತೆ. ಆಮೇಲೆ ಸಾಣೆಕಲ್ಲನ್ನೂ ಹೊಸ ಚಾಕುವನ್ನೂ ಅವಳ ಕೈಗೆ ಕೊಟ್ಟಳು. "ಮಸೆಯೋದು ಹೇಳಿಕೊಡ್ತೀನಿ, ಕಲಿ. ಹೆಚ್ಚೋದು ನಾನೇ. ರಾತ್ರಿ ಮಾತ್ರ ಇದನ್ನ ನಿನ್ನ ಹತ್ರನೇ ಇಟ್ಕೋ."

"ನನ್ನ ಹತ್ರನಾ?" ಎಂದಳು ಸೊಸೆ.

"ಹೂಂ. ಈ ಮನೇಲಿ ನಿನ್ನೊಬ್ಬಳನ್ನ ಬಿಟ್ರೆ ನನಗೆ ಯಾರ ಮೇಲೂ ನಂಬಿಕೆ ಇಲ್ಲ" ಎಂದಳು ಅತ್ತೆ, ಹಿತ್ತಲಿಗೆ ಕೇಳುವಷ್ಟು ಜೋರಾಗಿ.