ತಂದೆಯೇ ಎತ್ತಿಕೊಳ್ಳತಕ್ಕದ್ದು

ನನ್ನ ತಮ್ಮ ಗಿಡಿಯನ್ ಥಾರ್ಪ್ ಪಾರ್ಲಿಮೆಂಟಿಗೆ ಹೋದಮೇಲೆ ಅಲ್ಲಿ ಬಾಯಿ ಬಿಟ್ಟದ್ದು ಒಂದೇ ಒಂದು ಸಲ. ಆ ಒಂದು ಸಲವೂ ನನ್ನ ಹೊಟ್ಟೆಗೇ ಬೆಂಕಿ ಇಟ್ಟ.

ರಾಜನ ವಿರುದ್ಧ ಗುಡುಗಿದನೋ, ತೆರಿಗೆಯ ಬಗ್ಗೆ ಕೂಗಾಡಿದನೋ ಎಂದು ಊರವರು ಕೇಳುತ್ತಾರೆ. ಅದೆಲ್ಲ ಮಾಡಲು ದೊಡ್ಡ ಗಂಟಲಿನವರು ಬೇಕಾದಷ್ಟು ಜನರಿದ್ದರು. ಇವನು ಎದ್ದು ನಿಂತದ್ದು ಮಗುವಿನ ದೀಕ್ಷಾಸ್ನಾನದ ವಿಚಾರಕ್ಕೆ. ಧರ್ಮತಾಯಿ, ಧರ್ಮತಂದೆ ಎಂದು ಯಾರ್ಯಾರೋ ಮಗುವನ್ನು ಎತ್ತಿಕೊಳ್ಳುವುದು ಹಳೆಯ ಪೋಪನ ಕಾಲದ ಪದ್ಧತಿಯಂತೆ. ಇನ್ನು ಮೇಲೆ ಹೆತ್ತ ತಂದೆಯೇ ಚರ್ಚಿನಲ್ಲಿ ಸಭೆಯ ಮುಂದೆ ಮಗುವನ್ನು ಎತ್ತಿಕೊಂಡು ಹೆಸರು ಹೇಳತಕ್ಕದ್ದಂತೆ. ಮನೆಯೊಳಗೆ ಗುಟ್ಟಾಗಿ ಮಾಡಕೂಡದಂತೆ. ಕೊನೆಗೆ ಅದೇ ನಿಯಮವಾಯಿತು. ಇವನು ಮಾತಾಡಿದ್ದರಿಂದ ಆಯಿತೆಂದು ನಾನೇನೂ ಹೇಳುವುದಿಲ್ಲ. ಇವನು ಮಾತಾಡದಿದ್ದರೂ ಆಗುತ್ತಿತ್ತು.

ನನಗೆ ಯಾಕೆ ಉರಿಯಿತೆಂದರೆ, ಆ ಧರ್ಮತಾಯಿ ನಾನಾಗಬೇಕಿತ್ತು. ನನಗೆ ಮದುವೆಯಿಲ್ಲ, ಮಕ್ಕಳಿಲ್ಲ. ಗಿಡಿಯನ್ ಮತ್ತು ಲೆಟಿಸ್ ಮದುವೆಯಾದ ದಿನವೇ, ನಿಮ್ಮ ಮಗುವನ್ನು ಚರ್ಚಿನಲ್ಲಿ ಎತ್ತಿಕೊಳ್ಳುವವಳು ನಾನೇ ಎಂದು ಮಾತು ತೆಗೆದುಕೊಂಡಿದ್ದೆ. ಮೊದಲ ಎರಡು ಕೂಸುಗಳು ಚರ್ಚಿನ ಬಾಗಿಲು ಕಾಣುವ ಮುಂಚೆಯೇ ಹೋದವು. ಎರಡು ಸಲವೂ ಗಿಡಿಯನ್ ಲಂಡನ್ನಿನಲ್ಲಿದ್ದ. ಅವನು ಊರು ಸೇರುವಷ್ಟರಲ್ಲಿ ಮಣ್ಣೂ ಒಣಗಿತ್ತು.

ಮೂರನೆಯದು ಹುಟ್ಟಿದ್ದು ಸೇಬಿನ ಕುಯ್ಲಿನ ಹೊತ್ತಿಗೆ. ಗಂಡು. ಆಗ ರಾಜನಿಗೂ ಪಾರ್ಲಿಮೆಂಟಿಗೂ ಯುದ್ಧ ಶುರುವಾಗಿ ಎರಡು ವರ್ಷ ಕಳೆದಿತ್ತು. ನಮ್ಮ ಗಿಡಿಯನ್ ಪಾರ್ಲಿಮೆಂಟಿನ ಕಡೆಯ ಕುದುರೆ ದಳಕ್ಕೆ ಕ್ಯಾಪ್ಟನ್ ಆಗಿ, ಎರಡು ದಿನದ ದಾರಿಯಲ್ಲಿ ರಾಜನ ಕಡೆಯವರ ಕೋಟೆಯೊಂದರ ಮುಂದೆ ಕೆಸರಿನಲ್ಲಿ ಕೂತಿದ್ದ. ಲೆಟಿಸ್‌ಗೆ ಬಾಣಂತಿ ಜ್ವರ. ಮಗು ನನ್ನ ಎದೆಯ ಮೇಲೆಯೇ ಬೆಳೆಯಿತು. ಪಕ್ಕದ ಮನೆಯ ಸಿಬಿಲ್ ಬಂದು ಹಾಲೂಡಿಸಿ ಹೋಗುವಳು, ಉಳಿದ ಹೊತ್ತೆಲ್ಲ ನಾನೂ ಅದೂ ಒಲೆಯ ಮುಂದೆ. ಹೆಸರಿಲ್ಲವಲ್ಲ, ನಾನು 'ರಾಜ' ಎಂದು ಕರೆಯುತ್ತಿದ್ದೆ. ರಾಜನ ಮೇಲೆ ಕತ್ತಿ ಹಿಡಿದವನ ಮನೆಯಲ್ಲಿ ಇದೊಂದು ಸಣ್ಣ ಸಂತೋಷ ನನಗೆ.

ಪಾದ್ರಿ ಕ್ರಿಸ್ಪ್ ಮನೆಗೆ ಬಂದರು. "ಅರ್ಸುಲಾ ಅಮ್ಮಾ, ಮಗೂನ ಹೀಗೇ ಇಟ್ಕೊಂಡ್ರೆ ಹೇಗೆ? ತಂದೆಗೆ ಬರೋಕೆ ಆಗ್ದೇ ಇದ್ರೆ ನಂಬಿಕಸ್ತರು ಯಾರಾದ್ರೂ ಎತ್ಕೋಬಹುದು. ಹೊಸ ಪದ್ಧತೀಲೂ ಅಷ್ಟಕ್ಕೆ ದಾರಿ ಇದೆ. ನೀವೇ ಎತ್ಕೊಳ್ಳಿ."

ನನ್ನ ಜೀವ ಕುಣಿಯಿತು. ಬಾಯಿಗೆ ಬಂದ 'ಆಗಲಿ' ಎನ್ನುವ ಮಾತನ್ನು ಹಿಡಿದು ಲೆಟಿಸ್ ಕಡೆ ನೋಡಿದೆ. ಅವಳು ಹಾಸಿಗೆಯಿಂದಲೇ ತಲೆಯಾಡಿಸಿದಳು.

"ಬೇಡ ಅತ್ತಿಗೆ. ಅವ್ರೇ ಬರ್ಲಿ."

"ಅವ್ನು ಬರೋದು ಯಾವಾಗ ಮಾರಾಯ್ತಿ? ಕೋಟೆ ಬೀಳ್ಬೇಕು, ರಾಜ ಸೋಲ್ಬೇಕು, ಇವ್ನಿಗೆ ರಜಾ ಸಿಗ್ಬೇಕು."

"ಯಾವಾಗಾದ್ರೂ ಬರ್ಲಿ. ಮೊದ್ಲಿನ ಎರಡರ ಮುಖಾನೂ ಅವ್ರು ನೋಡ್ಲಿಲ್ಲ. ಇದೊಂದನ್ನಾದ್ರೂ ಕೈಯಲ್ಲಿ ಎತ್ಕೊಂಡು, ಇದು ನಂದು ಅಂತ ಊರೆಲ್ಲರ ಮುಂದೆ ಹೇಳ್ಲಿ. ನಂಗೆ ಅಷ್ಟೇ ಸಾಕು. ಆಮೇಲೆ ಪಾರ್ಲಿಮೆಂಟಿಗಾದ್ರೂ ಹೋಗ್ಲಿ, ಯುದ್ಧಕ್ಕಾದ್ರೂ ಹೋಗ್ಲಿ."

ಅವಳು ಅಳಲಿಲ್ಲ, ಗೋಡೆಯ ಕಡೆ ತಿರುಗಿ ಮಲಗಿದಳು. ಅತ್ತಿದ್ದರೆ ಬೈಯಬಹುದಿತ್ತು.

ಚಳಿಗಾಲ ಕಳೆಯಿತು. ಲೆಟಿಸ್ ಎದ್ದು ಓಡಾಡತೊಡಗಿದಳು. ದಿನಾ ಮಧ್ಯಾಹ್ನ ಬಾರ್ಲಿ ರೊಟ್ಟಿ ಒಲೆಗೆ ಹಾಕಿ, ಅದು ಬೇಯುವಷ್ಟು ಹೊತ್ತು ಬೇಲಿಯ ಬಾಗಿಲಲ್ಲಿ ನಿಲ್ಲುವಳು. ಎಷ್ಟೋ ದಿನ ನಾವು ಸೀದ ರೊಟ್ಟಿಯನ್ನೇ ತಿಂದೆವು. ದೀಕ್ಷೆಯಿಲ್ಲದ ಮಗುವನ್ನು ಇಟ್ಟುಕೊಂಡಿದ್ದಾರೆಂದು ಊರಲ್ಲಿ ಗುಸುಗುಸು ಎದ್ದಿತು. ಹಾಲೂಡಿಸಿದ ಸಿಬಿಲ್ಲೇ ಬಾವಿಯ ಹತ್ತಿರ ಕೆಣಕಿದಳು.

"ಏನಮ್ಮಾ, ನಿಮ್ಮನೆ ಕೂಸಿಗೆ ಹಲ್ಲು ಬೇರೆ ಬಂತಂತೆ. ಮೀಸೆ ಬರೋ ತನಕ ಕಾಯ್ತೀರೋ ಹೇಗೆ?"

"ನಿನ್ನ ಗಂಡನಿಗೇ ಇನ್ನೂ ಮೀಸೆ ಬಂದಿಲ್ಲ. ನೀನು ಕಾಯ್ತಾ ಇಲ್ವಾ?" ಎಂದೆ. ಅವಳೂ ನಕ್ಕಳು, ನಾನೂ ನಕ್ಕೆ. ಮನೆಗೆ ಬಂದಮೇಲೆ ಮಾತ್ರ ನಗು ಬರಲಿಲ್ಲ.

ಆ ವಸಂತದಲ್ಲಿ ಪಾರ್ಲಿಮೆಂಟಿನವರು ಇನ್ನೊಂದು ಕಾನೂನು ಮಾಡಿದರು. ಪಾರ್ಲಿಮೆಂಟಿನ ಸದಸ್ಯರಾಗಿರುವವರು ಸೈನ್ಯದಲ್ಲಿ ಅಧಿಕಾರ ಇಟ್ಟುಕೊಳ್ಳಕೂಡದು, ಕತ್ತಿ ಕೆಳಗಿಟ್ಟು ಲಂಡನ್ನಿಗೆ ಬರಬೇಕು. ಸುದ್ದಿ ತಂದವನು ಗಿಡಿಯನ್‌ನ ದಳದ ಕಹಳೆಯವನು. ನಮ್ಮ ಅಡುಗೆಮನೆಯಲ್ಲಿ ಕೂತು ಹಂದಿಮಾಂಸ ಮೆಲ್ಲುತ್ತಾ ಹೇಳಿದ. "ಕ್ಯಾಪ್ಟನ್‌ಗೆ ಬಿಟ್ಟು ಬರೋಕೆ ಮನಸ್ಸೇ ಇಲ್ಲ ತಾಯಿ. ಕೋಟೆ ಇವತ್ತೋ ನಾಳೆಯೋ ಅನ್ನೋ ಹಾಗಿದೆ. ಆದ್ರೆ ಕಾನೂನು ಕಾನೂನೇ. ಲಂಡನ್ನಿಗೆ ಹೋಗೋ ದಾರೀಲಿ ಒಂದು ಭಾನುವಾರ ಇಲ್ಲಿರ್ತಾರೆ."

"ಒಂದೇ ಭಾನುವಾರಾನಾ?" ಎಂದೆ.

"ಒಂದು ಸಾಕು," ಎಂದಳು ಲೆಟಿಸ್. ಅವಳ ಕೆನ್ನೆಗೆ ಬಣ್ಣ ಬಂದಿತ್ತು. ಅವತ್ತು ರೊಟ್ಟಿ ಸೀಯಲಿಲ್ಲ.

ಸೇಬಿನ ಹೂವು ಉದುರುವ ಹೊತ್ತಿಗೆ ಒಂದು ಶನಿವಾರ ಸಂಜೆ ಅವನು ಬಂದ. ಗಡ್ಡ ನರೆತಿತ್ತು. ಮೈಗೆಲ್ಲ ಕುದುರೆಯ ವಾಸನೆ, ಕೋವಿಮದ್ದಿನ ವಾಸನೆ. ಮಗು ನಿದ್ದೆಯಲ್ಲಿತ್ತು. ತೊಟ್ಟಿಲಿನ ಪಕ್ಕದಲ್ಲಿ ನಿಂತು ಟೋಪಿ ತೆಗೆದ, ಮುಟ್ಟಲಿಲ್ಲ.

"ಎಬ್ಬಿಸ್ಬೇಡ ಅಕ್ಕ," ಎಂದ. "ಇಷ್ಟು ದೊಡ್ಡೋನಾಗಿದ್ದಾನಾ?"

"ಮತ್ತೇನು, ನೀನು ಬರೋ ತನಕ ಬೆಳೀದೆ ಕಾಯ್ತಾ ಇರ್ಬೇಕಿತ್ತಾ? ಅದಕ್ಕೂ ಒಂದು ಕಾನೂನು ಮಾಡ್ಬೇಕಿತ್ತು ನೀವು."

ಅವನು ನಗಲಿಲ್ಲ. ಕೈಗಳನ್ನು ಅಂಗಿಗೆ ಒರೆಸಿಕೊಳ್ಳುತ್ತಲೇ ಇದ್ದ. ನನಗೆ ಪಾಪ ಅನಿಸಿತು.

ಭಾನುವಾರ ಚರ್ಚು ತುಂಬಿತ್ತು. ದೀಕ್ಷಾಸ್ನಾನದ ಹಳೆಯ ಕಲ್ಲಿನ ತೊಟ್ಟಿಯನ್ನು, ಅದೂ ಪೋಪನ ಕಾಲದ್ದೆಂದು, ಆಗಲೇ ಕಿತ್ತು ಹೊರಗೆ ಹಾಕಿದ್ದರು, ಪ್ರಸಂಗ ಪೀಠದ ಕೆಳಗೆ ತವರದ ಬೋಗುಣಿಯಲ್ಲಿ ನೀರಿಟ್ಟಿದ್ದರು. ಬಾಗಿಲವರೆಗೆ ಮಗು ನನ್ನ ಹೆಗಲ ಮೇಲೇ ಇತ್ತು. ಅಲ್ಲಿ ಗಿಡಿಯನ್ ಕೈಗೆ ಕೊಟ್ಟೆ. ಮಗು ಆ ಗಡ್ಡವನ್ನು ಒಂದು ಸಲ ನೋಡಿತು. ಆಮೇಲೆ ಶುರುವಾಯಿತು ನೋಡಿ, ಚರ್ಚಿನ ಮಾಡು ಹಾರಿಹೋಗುವ ಹಾಗೆ!

ಅವನು ಬೋಗುಣಿಯ ಹತ್ತಿರ ಹೋಗಿ ನಿಂತ. ಮಗು ಒದೆಯಿತು, ಬಿಲ್ಲಿನ ಹಾಗೆ ಹಿಂದಕ್ಕೆ ಬಾಗಿತು. ಪಾದ್ರಿಗಳ ಪ್ರಶ್ನೆ ಯಾರಿಗೂ ಕೇಳಲಿಲ್ಲ. ಮುಂದಿನ ಬೆಂಚಿನಲ್ಲಿ ಕೂತ ನನ್ನನ್ನು ಕಂಡದ್ದೇ ಮಗು ಎರಡೂ ಕೈ ಚಾಚಿತು. ಇಡೀ ಊರಿನ ಎದುರಿಗೆ, ಹೆತ್ತವರಿಬ್ಬರನ್ನೂ ಬಿಟ್ಟು, ನನ್ನ ಕಡೆಗೆ. ಒಂದು ಮಗು ನನ್ನ ಕಡೆ ಹಾಗೆ ಕೈ ಚಾಚಬೇಕೆಂದು ನಾನು ಎಷ್ಟು ವರ್ಷ ಆಸೆಪಟ್ಟಿದ್ದೆನೋ ಆ ದೇವರಿಗೇ ಗೊತ್ತು.

ಗಿಡಿಯನ್‌ನ ಮುಖ ಬೆವತಿತ್ತು. ಕೋಟೆಯ ಮುಂದೆ ಗುಂಡಿಗೆ ಎದೆಯೊಡ್ಡಿದವನು ಏಳು ತಿಂಗಳ ಕೂಸಿಗೆ ಸೋತುಹೋಗಿದ್ದ. "ಅಕ್ಕ," ಎಂದ, "ನೀನೇ ಎತ್ಕೋ. ಅವ್ನಿಗೆ ನಾನು ಯಾರೋ ಏನೋ. ಪಾದ್ರಿಗಳು ಒಪ್ತಾರೆ."

ಪಾದ್ರಿ ಆಗಲಿ ಎಂದು ತಲೆಯಾಡಿಸಿದರು. ನಾನು ಎದ್ದೆ. ಎರಡೂ ಕೈ ತಾವಾಗಿ ಮುಂದೆ ಹೋದವು. ಆಗ ಪಕ್ಕದಲ್ಲಿದ್ದ ಲೆಟಿಸ್ ಕಣ್ಣಿಗೆ ಬಿದ್ದಳು. ಅವಳು ಬೇಡ ಎನ್ನಲಿಲ್ಲ. ನನ್ನನ್ನು ನೋಡಲೂ ಇಲ್ಲ. ನೆಲ ನೋಡುತ್ತಾ ಸುಮ್ಮನೆ ಸರಿದು ನನಗೆ ದಾರಿ ಬಿಟ್ಟಳು.

ನಾನು ಕೈಗಳನ್ನು ಹಿಂದಕ್ಕೆಳೆದು ಬೆನ್ನ ಹಿಂದೆ ಕಟ್ಟಿಕೊಂಡೆ.

"ನಿನ್ನ ಮಗ ಕಣೋ ಅಳ್ತಿರೋದು," ಎಂದೆ. ದನಿ ಗಟ್ಟಿಯಾಗಿಯೇ ಬಂತು. "ನೀನೇ ಸಮಾಧಾನ ಮಾಡು. ತಂದೆಯೇ ಎತ್ಕೋಬೇಕು ಅಂತ ಲಂಡನ್ನಲ್ಲಿ ಕೂಗ್ಕೊಂಡವ್ನು ನೀನೇ ಅಲ್ವಾ?"

ಹಿಂದಿನ ಸಾಲಿನಲ್ಲಿ ಸಿಬಿಲ್ ಕಿಸಕ್ಕೆಂದಳು. ಗಿಡಿಯನ್ ನನ್ನನ್ನೇ ದಿಟ್ಟಿಸಿದ. ಆಮೇಲೆ ಮಗುವನ್ನು ಎದೆಗೆ ಒತ್ತಿಕೊಂಡು, ಆ ಅಳುವಿನ ಮೇಲೆ ದನಿಯೆತ್ತಿ, ನಮ್ಮಪ್ಪನ ಹೆಸರು ಹೇಳಿದ. "ಬಾರ್ನಬಿ. ಬಾರ್ನಬಿ ಥಾರ್ಪ್. ಇವ್ನು ನನ್ನ ಮಗ."

ಪಾದ್ರಿ ನೀರು ಹಾಕಿದರು. ತಣ್ಣಗಿತ್ತೇನೋ, ಮಗುವಿಗೆ ಉಸಿರು ಕಟ್ಟಿದಂತಾಯಿತು. ಹತ್ತಿರ ಸಿಕ್ಕಿದ್ದು ಅವನ ಅಂಗಿಯ ಕೊರಳಪಟ್ಟಿ, ಅದನ್ನೇ ಎರಡು ಕೈಯಲ್ಲೂ ಹಿಡಿದುಕೊಂಡಿತು. ಆ ಗಡ್ಡದೊಳಗೇ ಮುಖ ಹುದುಗಿಸಿತು. ಬಿಕ್ಕಳಿಕೆ ಕಡಿಮೆಯಾಗುತ್ತಾ ಬಂತು. ಗಿಡಿಯನ್ ಅಲುಗಾಡದೆ ನಿಂತಿದ್ದ. ಲೆಟಿಸ್ ಕೈಯಿಂದಲೇ ಕಣ್ಣು ಒರೆಸಿಕೊಳ್ಳುತ್ತಿದ್ದಳು.

ಮಗು ಮತ್ತೆ ನನ್ನ ಕಡೆ ತಿರುಗಲಿಲ್ಲ. ಎಲ್ಲರೂ ಎದ್ದು ನಿಂತು ಕೀರ್ತನೆ ಹಾಡಿದರು. ಅದು ಮುಗಿಯುವವರೆಗೂ ನಾನು ಬೆನ್ನ ಹಿಂದಿನ ಕೈ ಬಿಚ್ಚಲಿಲ್ಲ.